ಹತ್ತು ಸೆಕೆಂಡಿನ ಹೆಡ್‌ಮೇಷ್ಟ್ರು

ನಮ್ಮ ಹೆಡ್‌ಮೇಷ್ಟ್ರ ಹಣೆಯ ಮೇಲೆ ಮೂರು ಗೆರೆ ಬಿಳಿ ವಿಭೂತಿ, ಮೂಗಿನ ತುದಿಯಲ್ಲಿ ಒಂದು ಕರಿ ಬೊಟ್ಟು ಕಾಡಿಗೆ. ವಿಭೂತಿ ಬೆಳಗಿನ ಪೂಜೆಯದು. ಕಾಡಿಗೆ, ಪೂಜೆ ಮುಗಿಸಿ ಹಿತ್ತಲ ಕೋಣೆಗೆ ಹೋಗಿ ಹೊಗೆ ಹಿಡಿಸಿದ ಕಾಗದದ ಮೇಲೆ ಬಗ್ಗಿ ನೋಡಿದ್ದರ ಗುರುತು. ಬೊಟ್ಟು ಸಣ್ಣದಾಗಿದ್ದರೆ ಹಿಂದಿನ ದಿನ ಭೂಮಿ ಸುಮ್ಮನಿತ್ತು ಎಂದು ಅರ್ಥ. ಮೂಗೆಲ್ಲ ಕರ್ರಗಾಗಿದ್ದರೆ ಪ್ರಪಂಚದಲ್ಲಿ ಎಲ್ಲೋ ನೆಲ ನಡುಗಿದೆ, ಇವರು ಕಾಗದಕ್ಕೆ ಮುಖ ಒತ್ತಿಕೊಂಡು ನೋಡಿದ್ದಾರೆ ಎಂದು ಅರ್ಥ. ನರಸೀಪುರದ ನಮ್ಮ ಸ್ಕೂಲಿನ ಹುಡುಗರು ಬಾಗಿಲಲ್ಲೇ ಅವರ ಮೂಗು ನೋಡುತ್ತಿದ್ದರು. ಮೂಗು ಕಪ್ಪಾಗಿದ್ದ ದಿನ ಮಗ್ಗಿ ಕೇಳುತ್ತಿರಲಿಲ್ಲ.

ಅಂಥವರಿಗೆ ನಾನು ಮಾಡಿದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವ ನೀವು ನನ್ನನ್ನು ಒಳ್ಳೆಯವನೆಂದು ತಿಳಿದು ಮೋಸ ಹೋಗುತ್ತೀರಿ. ಜನ ಹಾಲಿಗೆ ನೀರು ಬೆರೆಸುತ್ತಾರೆ. ನಾನು ಭೂಮಿಯ ಹೊಟ್ಟೆಗೆ ಬೆಲ್ಲ ಬೆರೆಸಿದೆ. ನೆಲದಿಂದ ಸಾವಿರ ಮೈಲಿ ಕೆಳಗೆ, ಯಾವ ನರಪ್ರಾಣಿಯೂ ಹೋಗಲಾರದ ಜಾಗದಲ್ಲಿ, ಮೆತ್ತಗಿನ ಭಾಗವೊಂದು ಇದೆ ಎಂದು ದೂರದ ವೇಧಶಾಲೆಗೆ ನಮ್ಮ ಹೆಡ್‌ಮೇಷ್ಟ್ರ ಕಾಗದ ಹೊರಡುವುದರಲ್ಲಿತ್ತು. ಆ ಮೆತ್ತಗಿನ ಭಾಗದಲ್ಲಿ ಮೂರರಲ್ಲಿ ಎರಡು ಪಾಲು ಹದಿನಾರು ಗ್ರಾಮದ ನಮ್ಮ ಅಕ್ಕನ ಮನೆಯ ಆಲೆಮನೆಯಿಂದ ಬಂದದ್ದು. ಹೇಗೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ಎಂಬುದನ್ನು ನನಗೆ ಕಲಿಸಿದವರೂ ಅವರೇ. ಕಲಿಯುವುದಕ್ಕೆ ನಾನು ತೆಗೆದುಕೊಂಡ ಹೊತ್ತು ಮಾತ್ರ ಸ್ವಲ್ಪ ಜಾಸ್ತಿ.

ಮೂರನೇ ಅಸಿಸ್ಟೆಂಟ್ ಮೇಷ್ಟ್ರಾಗಿ ನಾನು ನರಸೀಪುರಕ್ಕೆ ಬಂದಾಗ ನನಗೆ ಇಪ್ಪತ್ತು ವರ್ಷ. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಹುಕುಂ ಕಾಗದ ಹಿಡಿದು ಹೆಡ್‌ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಮುಂಬಾಗಿಲಲ್ಲಿ ಯಾರೂ ಇರಲಿಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ, ಅಲ್ಲಿದ್ದ ನಾಲ್ಕು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿ ಧೊಪ್ಪೆಂದು ಇಳಿದೆ. ನನ್ನ ಶರೀರ ನೋಡಿದವರಿಗೆ ಆ ಧೊಪ್ಪು ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ಹಿಂದೆ ದನದ ಕೊಟ್ಟಿಗೆಯಾಗಿದ್ದ ಕೋಣೆಯಿಂದ ಒಬ್ಬ ಸಣಕಲು ಮುದುಕರು ಕೈಯಲ್ಲಿ ಗಡಿಯಾರ ಹಿಡಿದು ಓಡಿ ಬಂದರು.

"ಈಗ ಹಾರಿದ್ದು ನೀನೇನಯ್ಯಾ?"

"ಹೌದು ಸಾರ್, ಹೊಸ ಮೇಷ್ಟ್ರು..."

"ಅದಿರಲಿ. ಎಷ್ಟು ಗಂಟೆಗೆ ಹಾರಿದೆ?"

ನಾನು ಹುಕುಂ ಕಾಗದ ಚಾಚಿದೆ. ಅವರು ಗಡಿಯಾರ ನೋಡಿ, ಒಂದು ಪುಸ್ತಕದಲ್ಲಿ 'ಹತ್ತು ಗಂಟೆ, ಹದಿನಾಲ್ಕು ನಿಮಿಷ, ಹೊಸ ಮೇಷ್ಟ್ರು' ಎಂದು ಬರೆದುಕೊಂಡರು. ಸರ್ಕಾರದ ನೌಕರಿಗೆ ನಾನು ಸೇರಿದ ಮೊದಲ ದಾಖಲೆ ಅದು, ಭೂಕಂಪಗಳ ಪುಸ್ತಕದಲ್ಲಿ.

ಆ ಕೊಟ್ಟಿಗೆಯಲ್ಲಿ ಅವರು ಬಂಡೆ ಸಿಗುವ ತನಕ ನೆಲ ಅಗೆಸಿದ್ದರು. ಬಂಡೆಗೆ ಒಂದು ಕಬ್ಬಿಣದ ಕಂಬ ನೆಡಿಸಿ, ಕಂಬದಿಂದ ಒಂದು ಸಲಾಕೆಯನ್ನು ತಂತಿ ಕಟ್ಟಿ ಅಡ್ಡಡ್ಡವಾಗಿ ತೂಗುಹಾಕಿ, ಸಲಾಕೆಯ ತುದಿಗೆ ಸೀಸ ತುಂಬಿದ ಹಿತ್ತಾಳೆ ಚೊಂಬೊಂದನ್ನು ಬಿಗಿದಿದ್ದರು. ನೆಲ ಅಲುಗಿದಾಗ ಎಲ್ಲವೂ ಅಲುಗುತ್ತದೆ. ಭಾರದ ಚೊಂಬು ಮಾತ್ರ ಸೋಮಾರಿಯ ಹಾಗೆ ಇದ್ದಲ್ಲೇ ಇರಲು ನೋಡುತ್ತದೆ. ಅದಕ್ಕೆ ಅಂಟಿಸಿದ ನವಿಲುಗರಿಯ ಕಡ್ಡಿ, ಗಡಿಯಾರದ ಚಕ್ರದಿಂದ ತಿರುಗುವ ಡಬ್ಬಿಯ ಮೇಲೆ ಸುತ್ತಿದ ಕರೀ ಕಾಗದದಲ್ಲಿ ಬಿಳಿ ಗೆರೆ ಗೀಚುತ್ತದೆ. ಡಬ್ಬಿ ಸೀಮೆಎಣ್ಣೆಯದು. ಕಾಗದಕ್ಕೆ ಹಿಡಿಸುವ ಕಾಡಿಗೆ ಹರಳೆಣ್ಣೆ ದೀಪದ್ದು. ಚೊಂಬು ಅವರ ಹೆಂಡತಿ ಅಮ್ಮಾವ್ರ ತವರಿನದು. ಆ ಬಗ್ಗೆ ಮನೆಯಲ್ಲಿ ಮಾತಾಡುವಂತಿರಲಿಲ್ಲ.

ಒಂದು ವಾರದಲ್ಲಿ ನನಗೂ ಆ ಗೆರೆಗಳನ್ನು ಓದುವುದು ಬಂತು. "ಇದು ನಮ್ಮನೇಲಿ ರಾಗಿ ಬೀಸಿದ್ದು. ಇದು ಅಮಲ್ದಾರರ ಜಟಕಾ ಹೋಗಿದ್ದು. ಇದು ನೀನು ಊಟಕ್ಕೆ ಬಂದಿದ್ದು," ಎಂದು ಬೆರಳಿಟ್ಟು ತೋರಿಸುತ್ತಿದ್ದರು. ದೂರದ ಭೂಕಂಪ ಹಾಗಲ್ಲ. ಮೊದಲು ಸಣ್ಣಗೆ ನಡುಗುತ್ತದೆ. ಕೆಲವು ನಿಮಿಷ ಬಿಟ್ಟು ಇನ್ನೊಂದು ದೊಡ್ಡ ನಡುಕ ಬರುತ್ತದೆ. ಎರಡು ಅಲೆಯೂ ಒಂದೇ ಸಲ ಹೊರಟು, ಒಂದು ಬೇಗ ನಡೆದು, ಇನ್ನೊಂದು ನಿಧಾನವಾಗಿ ಬಂದದ್ದು. ನಡುವೆ ಹೊತ್ತು ಹೆಚ್ಚಿದ್ದಷ್ಟೂ ಹೊರಟ ಊರು ದೂರ.

ಈ ಲೆಕ್ಕವನ್ನೇ ಅವರು ಸ್ಕೂಲಿನ ಜಗಳಕ್ಕೂ ಹಾಕುತ್ತಿದ್ದರು. ಹುಡುಗರಿಬ್ಬರು ಹೊಡೆದಾಡಿಕೊಂಡು ಬಂದರೆ ಬೆತ್ತ ತೆಗೆಯುವ ಮೊದಲು ಗಡಿಯಾರ ತೆಗೆಯುತ್ತಿದ್ದರು. "ಸಣ್ಣ ಏಟು ಯಾವಾಗ ಬಿತ್ತು? ದೊಡ್ಡ ಏಟು ಯಾವಾಗ?" ತಕ್ಷಣ ಬಿದ್ದಿದ್ದರೆ ಜಗಳ ಇಲ್ಲೇ ಹುಟ್ಟಿದ್ದು, ಇಬ್ಬರಿಗೂ ಒಂದೊಂದು ಬಿಟ್ಟು ಕಳಿಸುವುದು. ಬೆಳಿಗ್ಗೆ ಸಣ್ಣದು ಬಿದ್ದು ಸಂಜೆ ದೊಡ್ಡದು ಬಿದ್ದಿದ್ದರೆ, "ಇದರ ಮೂಲ ದೂರದಲ್ಲಿದೆ ಕಣಯ್ಯಾ, ಇವರ ಅಪ್ಪಂದಿರನ್ನ ಕರೆಸು" ಎನ್ನುತ್ತಿದ್ದರು. ಕರೆಸಿ ನೋಡಿದರೆ ಇಬ್ಬರ ಅಪ್ಪಂದಿರಿಗೂ ಬದುವಿನ ವ್ಯಾಜ್ಯ ಇರುತ್ತಿತ್ತು. ಒಂದು ಸಲವೂ ತಪ್ಪಿದ್ದನ್ನು ನಾನು ಕಾಣೆ.

ಅವರಿಗೆ ಬೇಕಾಗಿದ್ದದ್ದು ಭೂಕಂಪವಲ್ಲ, ಅದು ಬಂದ ಹಾದಿ. ಇದನ್ನು ನನಗೆ ಅರ್ಥ ಮಾಡಿಸಿದ್ದು ಹದಿನಾರಿನಿಂದ ಬಂದು ನರಸೀಪುರದಲ್ಲಿ ಬಾಡಿಗೆ ಗಾಡಿ ಹೊಡೆಯುತ್ತಿದ್ದ ನಮ್ಮ ಗಾಡಿಯವನ ನೆವದಲ್ಲಿ. ಅವನು ಬೆಳಿಗ್ಗೆ ಗಾಡಿ ಕಟ್ಟುವ ಮೊದಲು ಬಾರುಕೋಲಿನ ಹಿಡಿಯಿಂದ ಗಾಲಿಯನ್ನು ಸುತ್ತಲೂ ತಟ್ಟಿ, ಕಿವಿ ಕೊಟ್ಟು ಕೇಳುತ್ತಿದ್ದ.

"ಏನು ಕೇಳಿಸ್ಕೊತೀಯೋ?" ಎಂದು ಒಂದು ದಿನ ಹೆಡ್‌ಮೇಷ್ಟ್ರು ಕೇಳಿದರು.

"ಮರದೊಳ್ಗೆ ಬಿರುಕ್ ಬಿಟ್ಟಿದ್ರೆ ಸದ್ದು ಬ್ಯಾರೆ ಬತ್ತದೆ ಬುದ್ಧಿ. ಒರಗಿಂದ ನೋಡುದ್ರೆ ಏನೂ ಕಾಣಕಿಲ್ಲ."

ಹೆಡ್‌ಮೇಷ್ಟ್ರಿಗೆ ಅದೆಷ್ಟು ಸಂತೋಷವಾಯಿತೆಂದರೆ ಅವನನ್ನು ಕೊಟ್ಟಿಗೆಯೊಳಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. "ನಾನು ಮಾಡೋದೂ ಇದೇ ಕಣೋ. ನಿನ್ನ ಹತ್ರ ಬಾರುಕೋಲಿದೆ. ಭೂಮಿ ತಟ್ಟೋವಷ್ಟು ದೊಡ್ಡ ಕೋಲು ನನ್ನ ಹತ್ರ ಇಲ್ಲ. ಅದೇ ಯಾವಾಗಲಾದ್ರೂ ತಟ್ಕೊಂಡಾಗ ಕಿವಿ ಕೊಟ್ಟಿರ್ತೀನಿ."

"ಒಳ್ಗೆ ಏನೈತೆ ಬುದ್ಧಿ?"

"ಮಾವಿನ ಹಣ್ಣು ಅಂದ್ಕೊ. ಸಿಪ್ಪೆ ತೆಳ್ಳಗೆ, ಅದರ ಮೇಲೆ ನಾವೆಲ್ಲ ಇದೀವಿ. ನಡುವೆ ಓಟೆ ಇದೆ ಅಂತ ಈಚೆಗೆ ಹೇಳ್ತಿದಾರೆ. ಸಿಪ್ಪೆ ವಿಷಯ ಎಲ್ಲರೂ ಮಾತಾಡ್ತಾರೆ, ಓಟೆ ವಿಷಯ ದೊಡ್ಡೋರು ಮಾತಾಡ್ತಾರೆ. ತಿರುಳೇ ಅಲ್ವೇನೋ ಜಾಸ್ತಿ ಇರೋದು? ಆ ತಿರುಳಿನ ಆಳದಲ್ಲಿ ಎಲ್ಲಾ ಕಡೆ ಒಂದೇ ಸಮ ಇದೆಯೋ, ಎಲ್ಲಾದ್ರೂ ಗಂಟು, ಎಲ್ಲಾದ್ರೂ ಮೆತ್ತಗೆ ಇದೆಯೋ, ಅದನ್ನ ಯಾರೂ ಕೇಳ್ತಾ ಇಲ್ಲ."

ಗಾಡಿಯವನು ಹೊರಗೆ ಬಂದು ನನ್ನ ಕಿವಿಯಲ್ಲಿ, "ಪಾಪ, ಒಳ್ಳೇ ಬುದ್ಧಿಯೋರು. ಈ ವಯಸ್ಸಲ್ಲಿ ಇಂಗಾಗ್ಬಾರ್ದಿತ್ತು ಸಾ," ಎಂದ.

ಜಪಾನಿನ ಕಡೆಯಿಂದ ಹೊರಟ ಅಲೆ ನೆಲದ ಮೇಲೆಯೇ ಬರುವುದಿಲ್ಲವಂತೆ. ಕೆಳಗೆ ಇಳಿದು, ಆಳಕ್ಕೆ ಹೋದಷ್ಟೂ ಬೇಗ ನಡೆದು, ಬಿಲ್ಲಿನ ಹಾಗೆ ಬಾಗಿ, ಮತ್ತೆ ಮೇಲೆದ್ದು ನಮ್ಮ ನರಸೀಪುರದ ಕೊಟ್ಟಿಗೆಯಲ್ಲಿ ತಲೆ ಹಾಕುತ್ತದಂತೆ. "ನಂಜನಗೂಡಿಂದ ಬರೋಕೆ ಎರಡು ಹಾದಿ ಇದೆಯಲ್ಲ. ಹೊಳೆ ಪಕ್ಕದ್ದು ಹತ್ತಿರ, ಮರಳು. ಹದಿನಾರಿನ ಮೇಲಿಂದು ಬಳಸು, ಗಟ್ಟಿ. ಬುದ್ಧಿ ಇರೋ ಗಾಡಿಯೋನು ಯಾವುದು ಹಿಡೀತಾನೆ? ಅಲೆಗೂ ಅಷ್ಟು ಬುದ್ಧಿ ಇದೆ," ಎಂದು ವಿವರಿಸಿದರು. ಜಪಾನಿಂದ ಬರುವ ಅಲೆ ಅರ್ಧ ಹಾದಿಯಲ್ಲಿ ಹೆಚ್ಚುಕಡಿಮೆ ಸಾವಿರ ಮೈಲಿ ಆಳದಲ್ಲಿ ಇರುತ್ತದೆ. ಇಷ್ಟು ದೂರಕ್ಕೆ ಇಷ್ಟು ನಿಮಿಷ, ಇಷ್ಟು ಸೆಕೆಂಡು ಎಂದು ಇಂಗ್ಲಿಷ್ ಸೀಮೆಯ ಪಂಡಿತರು ಅಚ್ಚು ಹಾಕಿಸಿದ ಪಟ್ಟಿಯೊಂದು ಅವರಲ್ಲಿತ್ತು. ಅಲೆ ಆ ಪಟ್ಟಿಗಿಂತ ತಡವಾಗಿ ಬಂದರೆ ಹಾದಿಯಲ್ಲಿ ಎಲ್ಲೋ ಗಾಲಿ ಹೂತಿದೆ ಎಂದು ಅರ್ಥ.

ಆದರೆ ತಡ ಎಂದರೆ ಗಂಟೆಗಟ್ಟಲೆಯಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ಅಂದಮೇಲೆ ಕೊಟ್ಟಿಗೆಯ ಗಡಿಯಾರ ಸೆಕೆಂಡಿಗೆ ಸರಿಯಾಗಿರಬೇಕು. ನರಸೀಪುರಕ್ಕೆ ಆಗ ತಂತಿ ಬಂದಿರಲಿಲ್ಲ. ನಂಜನಗೂಡಿನ ರೈಲ್ವೆ ಸ್ಟೇಷನ್ನಿನಲ್ಲಿ ದಿನಾ ಸಂಜೆ ನಾಲ್ಕಕ್ಕೆ ತಂತಿಯಲ್ಲಿ ಒಂದು 'ಟಿಕ್' ಬರುತ್ತಿತ್ತು. ಸರಿಯಾದ ಗಂಟೆ ಎಂದರೆ ಅದೊಂದೇ. ಅದನ್ನು ಅಲ್ಲಿಂದ ಇಲ್ಲಿಗೆ ಹೊತ್ತು ತರಬೇಕು.

ಹೊರುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಶನಿವಾರ ಬೆಳಿಗ್ಗೆ ಅವರ ಜೇಬುಗಡಿಯಾರವನ್ನು ರಾಗಿಹೊಟ್ಟು ತುಂಬಿದ ಮರದ ಡಬ್ಬಿಯಲ್ಲಿ ಮಲಗಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಹೊರಡುವುದು. ಸ್ಟೇಷನ್ನಿನಲ್ಲಿ ತಂತಿ ಗುಮಾಸ್ತರ ಮೇಜಿನ ಪಕ್ಕ ಕೂತು 'ಟಿಕ್' ಕೇಳಿದ ಕ್ಷಣ ಗಡಿಯಾರ ಎಷ್ಟು ಸೆಕೆಂಡು ಹಿಂದಿದೆ ಎಂದು ಪುಸ್ತಕದಲ್ಲಿ ಬರೆಯುವುದು. ನಾನು ಮುಳ್ಳು ಮುಟ್ಟುವಂತಿಲ್ಲ, ತಿಂಗಳಿಗೊಮ್ಮೆ ಹೆಡ್‌ಮೇಷ್ಟ್ರೇ ತಿರುಗಿಸುತ್ತಿದ್ದರು. ಭಾನುವಾರ ವಾಪಸ್ಸು. ನಾನು ಬರುವ ಹೊತ್ತಿಗೆ ಹೆಡ್‌ಮೇಷ್ಟ್ರು ಬಾಗಿಲಲ್ಲಿ, ಹೆರಿಗೆಗೆ ಹೋದ ಮಗಳು ಮೊಮ್ಮಗುವಿನ ಜೊತೆ ಬರುತ್ತಾಳೆಂದು ಕಾಯುವವರ ಹಾಗೆ ನಿಂತಿರುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ಡಬ್ಬಿಗೆ ಎರಡೂ ಕೈ ಚಾಚುತ್ತಿದ್ದರು.

ಒಂದು ವರ್ಷ ನಾನು ಈ ಕೆಲಸವನ್ನು ಸರಿಯಾಗಿ ಮಾಡಿದೆ. ಇದನ್ನು ಯಾರೂ ನಂಬುವುದಿಲ್ಲ. ನಮ್ಮ ತಾಯಿಯೂ ನಂಬಲಿಲ್ಲ. ಆಮೇಲೆ ಹದಿನಾರಿನಲ್ಲಿ ಭಾವ ಆಲೆಮನೆ ಹೂಡಿದರು.

ಗಾಡಿ ಊರ ಬಳಿ ಬರುವಾಗಲೇ ಕಬ್ಬಿನ ಹಾಲು ಕುದಿಯುವ ವಾಸನೆ. ಒಂದು ಗಳಿಗೆ ಇಳಿದೆ. ಒಂದು ಗಳಿಗೆ ಎಂದು ಹೇಳಿದವನು ನಾನು; ಬೆಲ್ಲಕ್ಕೆ ಹಾಗೇನೂ ಇರಲಿಲ್ಲ.

"ಏನ್ ಬಾವ್‌ಮೈದ, ಎಲ್ಗೆ ಸವಾರಿ?" ಎಂದರು ಭಾವ, ಕೊಪ್ಪರಿಗೆಯ ಪಕ್ಕದಿಂದ.

"ನಂಜನಗೂಡಿಗೆ, ಗಂಟೆ ತರೋಕೆ."

"ಗಂಟೆಯೇನ್ಲಾ, ಎತ್ತಿನ ಕೊಳ್ಗೆ ಕಟ್ಟೋದಾ?"

"ಅಲ್ಲ ಭಾವ, ಹೊತ್ತು. ಟೈಮು."

"ಒತ್ತು ಇಲ್ಲೇನ್ ಕಮ್ಮಿಯಾಗೈತಾ? ಕೂತ್ಕೊ. ಈಗ ಇಳ್ಸ್ತೀವಿ. ಬಿಸೀದು ತಿನ್ಕೊಂಡು ಓಗೀವಂತೆ."

ಬಾಳೆಎಲೆಯ ಮೇಲೆ ಬಿಸಿ ಬೆಲ್ಲ, ಪಕ್ಕದಲ್ಲಿ ಕೊಬ್ಬರಿ ಚೂರು. ಒಂದು ಕೊಪ್ಪರಿಗೆ ಇಳಿಯಿತು. ಎರಡನೆಯದರ ಹದ ಹೇಗಿದೆ ನೋಡೆಂದರು. ಮೂರನೆಯದಕ್ಕೆ ನಾನೇ ಹದ ಹೇಳುವ ಪಂಡಿತನಾಗಿದ್ದೆ. ತಲೆ ಎತ್ತಿ ನೋಡಿದರೆ ಬಿಸಿಲು ಇಳಿದಿತ್ತು. ಗಾಡಿಯವನು ಕೊರಳು ಬಿಚ್ಚಿದ ಎತ್ತುಗಳಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ.

"ಇನ್ನೋದ್ರೂ ನಾಕ್ಗಂಟೆ ಸಿಕ್ಕಾಕಿಲ್ಲ ಸಾ," ಎಂದ. "ನಂಗೇನು, ನೀವು ಓಗು ಅಂದ್ರೆ ಓಗ್ತೀನಿ, ನಿಲ್ಲು ಅಂದ್ರೆ ನಿಲ್ತೀನಿ. ಎತ್ಗಳ್ಗೂ ಇಲ್ಲೇ ಒಪ್ಕಂಡೈತೆ."

ಪುಸ್ತಕ ತೆರೆದೆ. ಹಿಂದಿನ ವಾರ ಗಡಿಯಾರ ಒಂಬತ್ತು ಸೆಕೆಂಡು ಹಿಂದೆ ಬಿದ್ದಿತ್ತು. ಈ ವಾರವೂ ಅಷ್ಟೇ ಬಿದ್ದಿರುತ್ತದೆ, ಗಡಿಯಾರಕ್ಕೇನು ಆಲೆಮನೆಯೇ ಎಂದುಕೊಂಡು, ಒಂಬತ್ತಕ್ಕೆ ಒಂಬತ್ತು ಸೇರಿಸಿ 'ಹದಿನೆಂಟು' ಎಂದು ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ದುಂಡಾದ ಅಕ್ಷರ ಇನ್ನೊಂದು ಬರೆದಿಲ್ಲ.

ಹಾಗೆ ಆ ವರ್ಷವೂ ಮುಂದಿನ ವರ್ಷವೂ ಆಲೆಮನೆಯ ದಿನಗಳಲ್ಲಿ ಎಷ್ಟು ಶನಿವಾರ ಹದಿನಾರಿನಲ್ಲೇ ಮುಗಿದವೋ ನಾನು ಹೇಳಲಾರೆ. ಮಧ್ಯೆ ಒಂದು ವಾರ ನಿಜವಾಗಿ ಸ್ಟೇಷನ್ನಿಗೆ ಹೋದಾಗ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಹೆಡ್‌ಮೇಷ್ಟ್ರು ಗಡಿಯಾರವನ್ನು ಅಂಗೈಯಲ್ಲಿಟ್ಟು, "ಯಾಕೋ ಇದಕ್ಕೆ ಮೈ ಸರಿಯಿಲ್ಲ, ಬಿಸಿಲು ತಡೀತಾ ಇಲ್ಲ," ಎಂದು ಮರುಗುತ್ತಿದ್ದರು. ಡಬ್ಬಿಗೆ ಇನ್ನೊಂದು ಹಿಡಿ ರಾಗಿಹೊಟ್ಟು ಹಾಕುತ್ತಿದ್ದರು. ಪುಸ್ತಕದ ಎರಡು ಹಾಳೆ ಅಂಟಿಕೊಂಡಿದ್ದಾಗ ಚಾಕುವಿನಿಂದ ನಿಧಾನವಾಗಿ ಬಿಡಿಸಿ, "ಹದಿನಾರಿನ ಹಾದೀಲಿ ಧೂಳು ಜಾಸ್ತಿ ಅಂತ ಕಾಣುತ್ತೆ," ಎಂದರು. ಗಡಿಯಾರವನ್ನು ಸಂಶಯಪಟ್ಟರು, ಬಿಸಿಲನ್ನು ಸಂಶಯಪಟ್ಟರು. ನನ್ನನ್ನು ಸಂಶಯಪಡುವುದು ಅವರಿಗೆ ಹೊಳೆಯಲೇ ಇಲ್ಲ.

ಅವರು ಕಂಪನ ಹಿಡಿಯಲು ಶುರುಮಾಡಿ ಆಗ ಸುಮಾರು ಆರು ವರ್ಷವಾಗಿತ್ತು. ಯಾವ ದೇಶದಲ್ಲಿ ಯಾವ ಹೊತ್ತಿಗೆ ನೆಲ ನಡುಗಿತು ಎಂಬ ಅಚ್ಚಿನ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು. ನಡುಗಿ ಆರು ತಿಂಗಳಾದ ಮೇಲೆ. ಒಂದು ಭಾನುವಾರ ಡಬ್ಬಿ ಕೊಡಲು ಹೋದಾಗ ಹೆಡ್‌ಮೇಷ್ಟ್ರು ಬಾಗಿಲಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಕೂತಿದ್ದರು. ಮೂಗೇನು, ಕೆನ್ನೆ, ಹಣೆ, ವಿಭೂತಿಯ ಮೂರು ಗೆರೆ ಎಲ್ಲ ಕಾಡಿಗೆ.

"ಬಾರಯ್ಯಾ, ಕೂತ್ಕೊ. ಎಲ್ಲಾ ದಿಕ್ಕಿಂದ ಬಂದಿದ್ದು ಪಟ್ಟಿಗೆ ಸರಿಹೋಗ್ತಾ ಇದೆ. ಜಪಾನಿನ ಒಂದು ಮೂಲೆಯಿಂದ ಮೂರು ಬಂದಿವೆ. ಮೂರೂ ಹತ್ತು ಸೆಕೆಂಡು ತಡ." ಮೂರು ಕರೀ ಕಾಗದವನ್ನೂ ಒಂದರ ಪಕ್ಕ ಒಂದು ಹಾಸಿದರು. "ಒಂದಾದ್ರೆ ನನ್ನ ತಪ್ಪು ಅನ್ನಬಹುದು. ಮೂರೂ ಒಂದೇ ಹಾದಿ, ಮೂರೂ ಹತ್ತೇ ಸೆಕೆಂಡು! ಕೆಳಗೆ ಏನೋ ಇದೆ ಕಣಯ್ಯಾ. ತಿರುಳಿನ ಆಳದಲ್ಲಿ ಮೆತ್ತಗೆ ಏನೋ ಇದೆ. ಅಲೆ ಅಲ್ಲಿ ಕಾಲು ಎಳೆದುಕೊಂಡು ಬರ್ತಾ ಇದೆ."

ಮೆತ್ತಗೆ, ಬಿಸಿಯಾಗಿ, ಆಳದಲ್ಲಿ. ನನಗೆ ಅದು ಏನೆಂದು ಗೊತ್ತಾಗಿಹೋಯಿತು. ಕೊಬ್ಬರಿ ಚೂರು ಒಂದು ಇದ್ದಿದ್ದರೆ ಪೂರ್ತಿಯಾಗುತ್ತಿತ್ತು.

ವೇಧಶಾಲೆಯ ಸಾಹೇಬರಿಗೆ ಅವರು ನಾಲ್ಕು ದಿನ ಕೂತು ಇಂಗ್ಲಿಷಿನಲ್ಲಿ ಕಾಗದ ಬರೆದರು. ಚೆನ್ನಾಗಿ ಪ್ರತಿ ಮಾಡಲು ನನಗೆ ಕೊಟ್ಟರು. ನನ್ನಲ್ಲಿ ಚೆನ್ನಾಗಿದ್ದದ್ದು ಅಕ್ಷರ ಒಂದೇ. ಅವರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಾ ಹೋದೆ. ಮೂರನೆಯ ಪುಟದಲ್ಲಿ ಒಂದು ಸಾಲು: 'ಈ ಸಮಯಗಳನ್ನು ವಾರವಾರವೂ ರೈಲ್ವೆ ತಂತಿಯಿಂದ ತಂದವರು ನನ್ನ ಅಸಿಸ್ಟೆಂಟರು. ಅವರ ನಿಖರತೆಯಲ್ಲಿ ನನಗೆ ಸಂಪೂರ್ಣ ನಂಬಿಕೆಯಿದೆ.'

ಲೇಖನಿ ನಿಂತಿತು. ಶಾಯಿ ತೊಟ್ಟಿಕ್ಕಿ ಕಾಗದದ ಮೇಲೆ ಒಂದು ಕರೀ ಬೊಟ್ಟು ಬಿತ್ತು. ಅಷ್ಟು ದಿನ ನಾನು ನಗುತ್ತಿದ್ದೆ. ತಪ್ಪೆಂದರೆ ಗಡಿಯಾರದ ತಪ್ಪು, ಅದರಿಂದ ಯಾರಿಗೆ ನಷ್ಟ ಎಂದುಕೊಂಡಿದ್ದೆ. ಈಗ ಕಾಗದ ಹೋದರೆ, ಯಾವತ್ತೋ ಒಂದು ದಿನ ಯಾರೋ ಸರಿಯಾಗಿ ಅಳೆದು ನೋಡಿ, ನರಸೀಪುರದ ಮುದುಕನೊಬ್ಬ ಸುಳ್ಳು ಬರೆದಿದ್ದ ಎನ್ನುತ್ತಾರೆ. ಆ ಮಾತು ನನಗಲ್ಲ, ಅವರಿಗೆ ಅಂಟುತ್ತದೆ. ಹೇಳದೆ ಇದ್ದರೆ ಅವರ ಹೆಸರು ಹೋಗುತ್ತದೆ. ಹೇಳಿದರೆ ಅವರ ಆರು ವರ್ಷ ಹೋಗುತ್ತದೆ.

"ಏನಯ್ಯಾ, ಅಕ್ಷರ ಗೊತ್ತಾಗ್ತಿಲ್ವಾ?" ಎಂದರು.

"ಸಾರ್, ನಾನು ಸ್ಟೇಷನ್ನಿಗೆ ಹೋಗಿರಲಿಲ್ಲ."

"ಯಾವಾಗ?"

ಎಲ್ಲ ಹೇಳಿದೆ. ಆಲೆಮನೆ, ಭಾವ, ಮೂರನೇ ಕೊಪ್ಪರಿಗೆ, ದುಂಡಾದ ಹದಿನೆಂಟು. ಒಳಗೆ ಅಡಿಗೆಮನೆಯಲ್ಲಿ ಅಮ್ಮಾವ್ರು ಸೌಟು ಆಡಿಸುವುದನ್ನು ನಿಲ್ಲಿಸಿದ್ದು ಕೇಳಿಸಿತು. ಹೆಡ್‌ಮೇಷ್ಟ್ರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಏಕೆ ಎಂದೂ ಕೇಳಲಿಲ್ಲ.

"ಯಾವ್ಯಾವುದು?" ಎಂದರು.

ಪುಸ್ತಕ ತಂದರು. ಮೂರು ಕಂಪನದ ವಾರಗಳನ್ನು ತೆಗೆದೆವು. ಮೊದಲನೆಯದು ಹಿಂದೆ ಚಾಕುವಿನಿಂದ ಬಿಡಿಸಿದ್ದ ಹಾಳೆ. ಎರಡನೆಯದರ ಮೇಲೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು. ನಾನು ಬಾಯಿ ಬಿಡಬೇಕಾಗಿರಲಿಲ್ಲ. ಅವರು ಕೆಂಪು ಪೆನ್ಸಿಲ್ ತೆಗೆದುಕೊಂಡು ಒಂದನ್ನು ಹೊಡೆದುಹಾಕಿದರು. ಇನ್ನೊಂದನ್ನು ಹೊಡೆದುಹಾಕಿದರು.

"ಮೂರನೇದು?"

"ಆ ವಾರ ಹೋಗಿದ್ದೆ ಸಾರ್. ಮಳೆ ಬರ್ತಿತ್ತು. ಡಬ್ಬಿ ಮೇಲೆ ಕಂಬಳಿ ಹೊದಿಸಿ ನಾನು ನೆನಕೊಂಡು ಹೋಗಿದ್ದೆ. ಇದು ನಿಜ ಸಾರ್."

ನನ್ನ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಸುಳ್ಳು ಹೇಳುವಾಗ ನನ್ನ ದನಿ ಎಷ್ಟು ಗಟ್ಟಿಯಾಗಿರುತ್ತಿತ್ತು! ನಿಜ ಹೇಳುವ ದಿನ ಅದು ಕೀರಲಾಯಿತು. ಅವರು ನನ್ನ ಮುಖ ನೋಡಿದರು. ಕೆಂಪು ಪೆನ್ಸಿಲ್ ಮೂರನೆಯ ಸಾಲಿನ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅದನ್ನು ಕೆಳಗಿಟ್ಟರು.

"ಒಂದೇ ಒಂದು ಸಾಕ್ಷಿ ಇಟ್ಕೊಂಡು ಭೂಮಿ ಮೇಲೆ ಆಪಾದನೆ ಹೊರಿಸೋಕಾಗಲ್ಲ," ಎಂದರು. "ಇನ್ನೊಂದೆರಡು ಬರಲಿ. ಕಾಯೋಣ."

ಕಾಗದವನ್ನು ನಾಲ್ಕಾಗಿ ಮಡಿಸಿ ಪುಸ್ತಕದೊಳಗೆ ಇಟ್ಟರು. ಇಡುವಾಗ ಎರಡನೆಯ ಹಾಳೆಯ ಮೇಲಿನ ಆ ಕಂದು ಗುರುತನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡರು.

"ಬೆಲ್ಲ ಹದವಾಗಿದೆ," ಎಂದರು. ಒಳಗೆ ತಿರುಗಿ, "ಇವನಿಗೂ ಒಂದೆಲೆ ಹಾಕೇ," ಎಂದರು.

"ಹಾಕ್ತೀನಿ. ಕೇಳಿ ನೋಡಿ, ಊಟದ ಹೊತ್ತಾದ್ರೂ ನಿಜವಾಗಿ ಆಗಿದ್ಯಾ ಅಂತ," ಎಂದರು ಅಮ್ಮಾವ್ರು ಅಡಿಗೆಮನೆಯಿಂದ. ಆ ದಿನ ನನ್ನ ಎಲೆಗೆ ಉಪ್ಪಿನಕಾಯಿ ಬೀಳಲಿಲ್ಲ. ಅಷ್ಟಕ್ಕೆ ಮುಗಿಯಿತಲ್ಲ ಎಂದು ತಲೆ ಬಗ್ಗಿಸಿ ಉಂಡೆ.

ಮುಂದಿನ ಶನಿವಾರ ಬೆಳಿಗ್ಗೆ ಡಬ್ಬಿ ತೆಗೆದುಕೊಳ್ಳಲು ಹೋದರೆ ಹೆಡ್‌ಮೇಷ್ಟ್ರು ಕೋಟು, ರುಮಾಲು ಹಾಕಿಕೊಂಡು ಗಾಡಿಯಲ್ಲಿ ಕೂತಿದ್ದರು. ಡಬ್ಬಿ ಅವರ ತೊಡೆಯ ಮೇಲಿತ್ತು.

"ನಾನು ಹೋಗಿಬರ್ತೀನಿ. ನೀನು ಕಾಗದ ನೋಡ್ಕೊ," ಎಂದರು. ಕೋಪದ ದನಿಯಲ್ಲ. ಕೋಪವಿಲ್ಲದ್ದರಿಂದಲೇ ನನಗೆ ಅರ್ಥವಾಯಿತು: ಇನ್ನು ಇವರಿಗೆ ನನ್ನ ಮೇಲೆ ನಂಬಿಕೆಯಿಲ್ಲ. ಮೂರನೆಯ ಸಾಲನ್ನು ಹೊಡೆ‌ಯದೆ ಬಿಟ್ಟದ್ದು ನನ್ನ ಮೇಲಿನ ದಯೆಯಿಂದ ಇರಬೇಕು.

ಆಮೇಲೆ ಎರಡು ವರ್ಷ, ಐವತ್ತು ದಾಟಿದ ಆ ಶರೀರ ವಾರವಾರವೂ ಗಾಡಿಯಲ್ಲಿ ಕುಲುಕಾಡಿಕೊಂಡು ಹೋಗಿ ಬಂತು. ನಾನು ಬೇಡಿಕೊಂಡೆ. ಗಾಡಿಯವನ ಮೇಲೆ ಆಣೆ ಇಟ್ಟೆ. ಅವನು, "ನನ್ನ ಮ್ಯಾಲ್ ಯಾಕ್ ಸಾ ಆಣೆ? ನಿಮ್ಮ ಮ್ಯಾಲೇ ಇಟ್ಕಳಿ, ಓದ್ರೂ ಓಗ್ಲಿ," ಎಂದ. ಕೊಟ್ಟಿಗೆಯಲ್ಲಿ ನಾನು ಕಾಡಿಗೆ ಹಿಡಿಸಿದೆ, ಕಾಗದ ಬದಲಾಯಿಸಿದೆ, ನಡೆಯುವಾಗ ಬೆಕ್ಕಿನ ಹಾಗೆ ನಡೆದೆ. ಎಲ್ಲೆಲ್ಲಿಂದಲೋ ಕಂಪನ ಬಂದವು. ಜಪಾನಿನ ಆ ಮೂಲೆ ಮಾತ್ರ, ಯಾರೋ ಹೇಳಿಕೊಟ್ಟ ಹಾಗೆ, ಸುಮ್ಮನಾಗಿಬಿಟ್ಟಿತು. ಭೂಕಂಪ ಬರಲಿ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತ ಮಹಾಪಾಪಿ ಮೈಸೂರು ಸಂಸ್ಥಾನದಲ್ಲಿ ನಾನೊಬ್ಬನೇ ಇರಬೇಕು. ಜನರಿಗೆ ಏನೂ ಆಗದ ಹಾಗೆ, ಸಮುದ್ರದ ನಡುವೆ ಎಲ್ಲಾದರೂ ಆಗಲಿ ಎಂದು ವಿವರವಾಗಿಯೇ ಕೇಳಿಕೊಂಡಿದ್ದೆ.

ಒಂದು ಮಳೆಗಾಲದ ಭಾನುವಾರ ಅವರು ಜ್ವರ ಹೊತ್ತುಕೊಂಡು ಬಂದರು. ಡಬ್ಬಿ ಒಣಗಿಯೇ ಇತ್ತು; ಅವರು ಒದ್ದೆಯಾಗಿದ್ದರು. ಹತ್ತು ದಿನ ಮಲಗಿದರು. ಪ್ರತಿ ಬೆಳಿಗ್ಗೆ ನಾನು ಹಾಸಿಗೆಯ ಬಳಿ ಹೋದರೆ ಒಂದೇ ಪ್ರಶ್ನೆ: "ಬಂತಾ?" ನಾನು ಇಲ್ಲವೆನ್ನುತ್ತಿದ್ದೆ. ಬಂತು ಎಂದು ಒಂದು ಸುಳ್ಳು ಹೇಳಿದರೆ ಅವರ ಮುಖ ಅರಳುತ್ತಿತ್ತು. ಆ ಹತ್ತು ದಿನವೂ ನಾನು ಆ ಸುಳ್ಳನ್ನು ಹೇಳಲಿಲ್ಲ. ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥ ಸಾಧನೆ ಅದೊಂದೇ.

ಹನ್ನೊಂದನೆಯ ದಿನ ಅವರನ್ನು ಬಿದಿರು, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕುಳ್ಳಿರಿಸಿ ಸಮಾಧಿಗೆ ಹೊತ್ತುಕೊಂಡು ಹೋದರು. ಹಣೆಗೆ ವಿಭೂತಿ ಹಚ್ಚಿದ್ದರು. ಮೂಗಿನ ತುದಿ ತೊಳೆದು ಚೊಕ್ಕಟವಾಗಿತ್ತು. ಅದಕ್ಕೇ ಇರಬೇಕು, ಸ್ಕೂಲಿನ ಹುಡುಗರು ಯಾರೋ ಬೇರೆಯವರನ್ನು ನೋಡಿದ ಹಾಗೆ ನೋಡಿದರು. ಅವರನ್ನು ಮಣ್ಣಿಗೆ ಇಳಿಸಿ ಮನೆಗೆ ಬಂದವನು ಕೊಟ್ಟಿಗೆಗೆ ಹೋಗಿ ಆ ದಿನದ ಕಾಗದ ಬಿಚ್ಚಿದೆ. ಬೆಳಗಿನಿಂದ ಬಂದವರ, ಹೋದವರ, ಅತ್ತವರ ಹೆಜ್ಜೆಯೆಲ್ಲ ಗೀಚಿಕೊಂಡಿತ್ತು. ಎತ್ತಿಕೊಂಡು ಹೊರಟ ಹೊತ್ತಿನ ಗೀಚು ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಲ್ಲಿಂದ ಮುಂದೆ ಒಂದೇ ನೇರ ಗೆರೆ.

ಎರಡು ವಾರ ಕಳೆದ ಮೇಲೆ ಅಮ್ಮಾವ್ರೇ ಗಡಿಯಾರದ ಡಬ್ಬಿ ತಂದು ನನ್ನ ಕೈಗಿಟ್ಟು, "ಶನಿವಾರ ಅಲ್ವೇನಪ್ಪಾ ಇವತ್ತು?" ಎಂದರು. ಗಾಡಿ ಹದಿನಾರು ದಾಟುವಾಗ ಅಕ್ಕ ಬಾಗಿಲಿಂದ ಕೂಗಿದಳು. ಬರುವಾಗ ಇಳಿಯುತ್ತೇನೆಂದು ಕೂಗಿ ಹೇಳಿ ನೇರ ಹೋದೆ. ಮೂರೂವರೆಗೆಲ್ಲ ಸ್ಟೇಷನ್ನಿನಲ್ಲಿದ್ದೆ. ತಂತಿ ಗುಮಾಸ್ತರು ನನ್ನನ್ನೂ ಡಬ್ಬಿಯನ್ನೂ ನೋಡಿ ಸುಮ್ಮನೆ ಪಕ್ಕದ ಸ್ಟೂಲು ಎಳೆದರು. ನಾಲ್ಕಕ್ಕೆ 'ಟಿಕ್' ಬಂತು. ಬರೆದುಕೊಂಡೆ. ಆಮೇಲೆ ತಡೆಯಲಾರದೆ ಕೇಳಿದೆ:

"ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ ಸಾರ್?"

"ಹೇಳ್ತಿದ್ರು. ಈ ವಯಸ್ಸಲ್ಲಿ ನೀವ್ಯಾಕೆ ಬರ್ತೀರಿ, ಆ ಮೇಷ್ಟ್ರನ್ನ ಕಳಿಸಿ ಅಂತ ನಾನೇ ಒಂದ್ಸಲ ಕೇಳ್ದೆ. 'ಹುಡುಗನಿಗೆ ಅಕ್ಕನ ಮನೆ ದಾರೀಲೇ ಸಿಗುತ್ತೆ. ಸುಳ್ಳು ಹೇಳ್ದೆ ಬೆಲ್ಲ ತಿನ್ನಲಿ ಬಿಡಿ' ಅಂತ ನಕ್ಕರು."

ನಾನು ಡಬ್ಬಿಯ ರಾಗಿಹೊಟ್ಟು ಸರಿಮಾಡುತ್ತಾ ಕೂತೆ.

"ಇನ್ನೊಂದು ಸಲ ಯಾವುದೋ ಮಳೆಗಾಲದ ವಾರದ ಮಾತು ಬಂತು," ಎಂದರು ಗುಮಾಸ್ತರು. "ಆ ವಾರದ ಗಂಟೆ ಮೇಲೇ ನನ್ನದೆಲ್ಲ ನಿಂತಿದೆ ಅಂದ್ರು. ನನ್ನ ಹತ್ರ ಡೈರಿ ಇದೆಯಲ್ಲ, ಸ್ಟೇಷನ್ನಿಗೆ ಯಾರ್ ಬಂದ್ರು ಹೋದ್ರು ಎಲ್ಲಾ ಬರೆದಿರ್ತೀನಿ. ತೆಗೆದು ನೋಡ್ತೀನಿ ಇರಿ, ನಿಮ್ಮ ಅಸಿಸ್ಟೆಂಟ್ ಆ ದಿನ ಬಂದಿದ್ರೋ ಇಲ್ವೋ ಈಗಲೇ ಗೊತ್ತಾಗುತ್ತೆ ಅಂತ ಎದ್ದೆ. ನನ್ನ ಕೈ ಹಿಡಿದು ಕೂರಿಸಿದ್ರು. 'ಬೇಡ. ಬಂದಿದ್ದೆ ಅಂತ ಅವನು ಹೇಳಿದಾನೆ. ಗಡಿಯಾರ, ಡೈರಿ ನೋಡಿ ತಿಳ್ಕೊಬೇಕಾದ್ದು ಬೇರೆ ಇದೆ, ಇದು ನನಗೆ ಗೊತ್ತಿದೆ' ಅಂದ್ರು."